ಹದಿನಾಲ್ಕನೆಯ ಫಲಕ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಈ ಸಂಗತಿಯನ್ನು ಹೇಳುವ ಹಕ್ಕು ಜೇಲಿಗೆ ಹೋಗಿ ಬಂದವರದು. ಅವರಲ್ಲಿ ಈಗ ಒಬ್ಬರೇ ಉಳಿದಿದ್ದಾರೆ, ಅವರು ಬರೆಯುವವರಲ್ಲ. ನಾನು ಅವರ ಕಥೆಗೆ ಅಕ್ಷರದ ಅಳತೆ, ಬಣ್ಣ, ಅಂಚು ಗೊತ್ತುಮಾಡಿದವನು, ಅಷ್ಟೆ. ಸಂಜೆ ಕಾಲೇಜಿನಲ್ಲಿ ಕಲಿತ ಕನ್ನಡ ಇದು, ತಪ್ಪುಗಳಿದ್ದಾವು. ‘ನಾನು’ ಎಂದು ಬರೆಯಹೋದಾಗಲೆಲ್ಲ ವಾಕ್ಯ ನನ್ನ ಪರವಾಗಿ ವಾಲುತ್ತಿತ್ತು. ಅದಕ್ಕೆ ಅತಾವುಲ್ಲಾ ಎಂದು ಹೆಸರು ಹಿಡಿದೇ ಬರೆದಿದ್ದೇನೆ. ಅವನನ್ನು ಪೂರ್ತಿ ನಂಬಬೇಕೆಂದೇನೂ ಇಲ್ಲ.

ಮಧ್ಯಾಹ್ನ ಮೂರೂವರೆಯ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ನೋಡಲು ಅತಾವುಲ್ಲಾ ಬೆಟಗೇರಿಯ ಮುಚ್ಚಿಹೋದ ನೂಲಿನ ಗಿರಣಿಯ ಬಯಲಿಗೆ ಬಂದು ನಿಂತಿದ್ದ. ಕೈಯಲ್ಲಿ ಅಳತೆಯ ಟೇಪು, ಚೀಲದಲ್ಲಿ ಸುಣ್ಣದ ಪುಡಿ. ಇಪ್ಪತ್ತು ಕಬ್ಬಿಣದ ಚೌಕಟ್ಟುಗಳು ನಿಲ್ಲುವ ಜಾಗಕ್ಕೆ ಗುರುತು ಹಾಕಬೇಕಿತ್ತು. ಓದುವವನ ಬೆನ್ನಿಗೆ ಬಿಸಿಲಿರಬೇಕು, ಕಣ್ಣಿಗಿರಬಾರದು. ಮೂಡಣ ಗಾಳಿ ಫಲಕದ ಅಂಚಿಗೆ ಬಡಿದರೆ ನಡೆದೀತು, ಎದೆಗೆ ಬಡಿದರೆ ಫ್ಲೆಕ್ಸ್ ಹರಿದು ಹೋಗುತ್ತದೆ. ಮಾತುಗಳು ನಿಂತು ಓದುವಷ್ಟಿರಬೇಕು, ಕಾಲು ನೋಯುವಷ್ಟಿರಬಾರದು. ಇಂಥ ವಿಚಾರಗಳಲ್ಲಿ ಅವನಿಗೆ ಒಂದು ಬಗೆಯ ನೆಮ್ಮದಿಯಿತ್ತು, ಏಕೆಂದರೆ ಬಿಸಿಲಾಗಲಿ ಗಾಳಿಯಾಗಲಿ ಅವನ ಅಪ್ಪ ಯಾರೆಂದು ಕೇಳುತ್ತಿರಲಿಲ್ಲ. ಆದರೆ ಸುಣ್ಣ ಉದುರಿಸುತ್ತ ಹದಿನಾಲ್ಕನೆಯ ಗುರುತಿಗೆ ಬಂದಾಗ ಅವನ ಕೈ ನಿಂತಿತು. ಬಯಲಿನ ಆ ತುದಿಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಇಬ್ಬರು ಹೆಂಗಸರು ತಲೆ ಎತ್ತಿ ನೋಡಿದರು. ನೋಡಿದ್ದು ಸುಮ್ಮನೆ ಇರಬಹುದು. ಇವನು ಫಕ್ರುಸಾಬನ ಮಗ ಎಂದು ಗುರುತು ಹಿಡಿದೂ ನೋಡಿರಬಹುದು.

ಹದಿನಾಲ್ಕನೆಯದು ಹೆಸರುಗಳ ಫಲಕ. ಐವತ್ತು ವರ್ಷದ ಹಿಂದೆ, ದೇಶದಲ್ಲಿ ಸಭೆ ಸೇರುವುದೇ ಅಪರಾಧವಾಗಿದ್ದ ಚಳಿಗಾಲದಲ್ಲಿ, ಈ ಗಿರಣಿಯ ಜನ ಒಂದು ಮಾತು ಎತ್ತಿದ್ದರು: ಗಿರಣಿಯ ಕಮಿಟಿಗೆ ಕಾರ್ಮಿಕರ ಪರವಾಗಿ ಕೂಡುವವರನ್ನು ಮಾಲಕರು ನೇಮಿಸಬಾರದು, ಕಾರ್ಮಿಕರೇ ಆರಿಸಬೇಕು. ಮಾಲಕರು ಒಪ್ಪಲಿಲ್ಲ. ಸಂಪು ಹೂಡುವುದೋ ಬೇಡವೋ ಎಂದು ಗಿರಣಿಯ ಒಳಗೇ ಗುಟ್ಟಾಗಿ ಮತ ಹಾಕಿದರು. ಅಕ್ಷರ ಬಾರದವರೇ ಹೆಚ್ಚು, ಚೀಟಿ ನಡೆಯುವುದಿಲ್ಲ. ಒಂದು ಪರದೆ ಕಟ್ಟಿ, ಹಿಂದೆ ಎರಡು ಗೋಣಿಚೀಲ ಇಟ್ಟು, ಒಬ್ಬೊಬ್ಬರೂ ನೂಲು ಸುತ್ತುವ ಒಂದು ಖಾಲಿ ಬಾಬಿನ್ ತಂದು ‘ಹೌದು’ ಇಲ್ಲವೆ ‘ಬ್ಯಾಡ’ ಎಂಬ ಚೀಲಕ್ಕೆ ಹಾಕಬೇಕು. ಈ ಉಪಾಯ ಮಾಡಿದವನು ಗೋಣೆಪ್ಪ. ಹೌದಿನ ಚೀಲ ತುಂಬಿತು. ಆದರೆ ಸಂಪು ಶುರುವಾಗುವ ಹಿಂದಿನ ದಿನ ಒಂದೇ ಸಾಂಚೆಯ, ಅಂದರೆ ನೂಲುವ ಯಂತ್ರದ, ಮೇಲೆ ನೂಲು ತೆಗೆಯುತ್ತಿದ್ದ ಒಂಬತ್ತು ಮಂದಿಯನ್ನು, ಗೋಣೆಪ್ಪನೂ ಸೇರಿದಂತೆ, ಪೊಲೀಸರು ಹಿಡಿದುಕೊಂಡು ಹೋದರು. ಎಂಟು ಮಂದಿ ಹನ್ನೊಂದು ತಿಂಗಳು ಒಳಗಿದ್ದರು. ಒಂಬತ್ತನೆಯವನು, ಫಕ್ರುಸಾಬ, ಅದೇ ಸಂಜೆ ಮನೆಗೆ ಬಂದ. ಅಂದಿನಿಂದ ಊರು ಹೇಳಿಕೊಂಡು ಬಂದದ್ದು ಒಂದೇ: ಹೆಸರು ಹೇಳಿದವನು ಅವನು.

ಆ ಸಂಪಿನ ನೆನಪಿಗೆ ಗಿರಣಿಯ ಬಯಲಿನಲ್ಲಿ ನಡೆಸಲಿದ್ದ ಪ್ರದರ್ಶನದ ಸಮಿತಿಯ ಕಾರ್ಯದರ್ಶಿ ವಿರೂಪಾಕ್ಷಪ್ಪ ನಿವೃತ್ತ ಮೇಷ್ಟ್ರು. ಆ ಎಂಟರಲ್ಲಿ ಒಬ್ಬ ಅವರ ಅಣ್ಣ. ಜೇಲಿನಿಂದ ಕೆಮ್ಮು ಹಿಡಿಸಿಕೊಂಡು ಬಂದು ನಾಲ್ಕೇ ವರ್ಷಕ್ಕೆ ತೀರಿಹೋಗಿದ್ದ. ಬೆಟಗೇರಿಯಲ್ಲಿ ಫ್ಲೆಕ್ಸ್ ಅಂಗಡಿಗಳಿಗೇನು ಬರವಿಲ್ಲ. ಆದರೂ ಅವರು ಅತಾವುಲ್ಲಾನ ಅಂಗಡಿಗೇ ಬಂದಿದ್ದರು. “ನಿಮ್ಮಷ್ಟು ಕಾಳಜಿಲೆ ಮಾಡೋರು ಯಾರದಾರ್ರಿ” ಅಂದಿದ್ದರು. ಆ ಮಾತನ್ನು ಅವನು ಹಲವು ದಿನ ತಿರುವಿ ಮುರುವಿ ನೋಡಿದ. ಕಾಳಜಿ ಅಂದರೆ ಯಾವ ಕಾಳಜಿ? ಸುಳ್ಳು ಬರೆದರೆ ಸಿಕ್ಕಿಬೀಳುತ್ತೇನೆ ಎಂಬ ಕಾಳಜಿಯೆ? ಫಲಕಗಳ ಪಟ್ಟಿ ಓದಿ ಹೇಳುವಾಗ ಅವರು ಹದಿನಾಲ್ಕಕ್ಕೆ ಬಂದು, ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸುತ್ತ, “ಇದರಾಗ ಎಂಟು ಹೆಸರು ಬರತಾವ. ಎಂಟೋ ಒಂಬತ್ತೋ, ನೀವ ನೋಡ್ರಿ” ಅಂದಿದ್ದರು. ಆಗ ಚಾ ಬಂದಿತ್ತು. ಅತಾವುಲ್ಲಾ ಚಾ ಕುಡಿದ. ಎಂಟು ಅನ್ನಬೇಕಾಗಿತ್ತೆ, ಒಂಬತ್ತು ಅನ್ನಬೇಕಾಗಿತ್ತೆ? ಎಂಟು ಅಂದರೆ ಮಗನೇ ಅಪ್ಪನನ್ನು ಅಳಿಸಿದ ಎಂದಾಗುತ್ತದೆ, ಒಂಬತ್ತು ಅಂದರೆ ಕೂಲಿಗೆ ಕೆಲಸ ಹಿಡಿದವನು ಸಂದು ನೋಡಿ ತನ್ನ ಅಪ್ಪನನ್ನು ತೂರಿಸಿದ ಎಂದಾಗುತ್ತದೆ. ‘ನೀವ ನೋಡ್ರಿ’ ಎನ್ನುವಾಗ ಅವರ ತುಟಿಯ ಒಂದು ಬದಿ ಸ್ವಲ್ಪ ಎದ್ದಿತ್ತೆ? ಅಥವಾ ಕಟ್ಟಿಸಿದ ಹಲ್ಲು ಸರಿಮಾಡಿಕೊಂಡರೆ?

ಅವನು ಹುಟ್ಟಿದ್ದು ಆ ಬಂಧನವಾಗಿ ಎರಡು ತಿಂಗಳಿಗೆ. ಅಂದರೆ ಅಪ್ಪನನ್ನು ಅವನು ಕಂಡದ್ದೆಲ್ಲ ‘ಹೆಸರು ಹೇಳಿದವನು’ ಆದ ಮೇಲೆಯೇ. ಗಿರಣಿಯವರು ಫಕ್ರುಸಾಬನನ್ನು ಕೆಲಸದಿಂದ ತೆಗೆದಿರಲಿಲ್ಲ, ಅದೇ ದೊಡ್ಡ ಸಾಕ್ಷಿಯಾಯಿತು. ಅವನೊಂದಿಗೆ ಒಂದೇ ಸಾಂಚೆಗೆ ನಿಲ್ಲಲು ಯಾರೂ ಒಪ್ಪಲಿಲ್ಲ. ನೂಲು ಹರಿದರೆ ಆ ಕಡೆಯವರು ಗಂಟು ಹಾಕಿಕೊಡುತ್ತಿರಲಿಲ್ಲ. ಆರು ತಿಂಗಳಿಗೆ ತಾನೇ ಬಿಟ್ಟು, ಹಿರಿಯರ ಕಸುಬು ಹಿಡಿದು, ಬಿಲ್ಲು ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ಗಾದಿಯ ಹತ್ತಿ ಹಿಂಜುತ್ತ ತಿರುಗಿದ. ಶಿರಹಟ್ಟಿ, ಲಕ್ಷ್ಮೇಶ್ವರ, ಅಡರಕಟ್ಟಿ. ತನ್ನ ಸುದ್ದಿ ಗೊತ್ತಿಲ್ಲದ ಊರಿನ ಗಾದಿಗಳನ್ನು ಹಿಂಜುವುದು ಅವನಿಗೆ ಇಷ್ಟ ಎಂದು ಅತಾವುಲ್ಲಾನಿಗೆ ತಡವಾಗಿ ತಿಳಿಯಿತು. ಒಂದು ಮದುವೆಯಲ್ಲಿ ಪಂಕ್ತಿಗೆ ಕುಳಿತಾಗ ಅಪ್ಪನ ಎಡಕ್ಕೊಂದು ಬಲಕ್ಕೊಂದು ಜಾಗ ಖಾಲಿ ಉಳಿದಿದ್ದವು. ಎಡಕ್ಕೆ ಇವನು ಹೋಗಿ ಕುಳಿತ. ಬಲಕ್ಕೆ ಯಾರೂ ಬರಲಿಲ್ಲ. ಬಡಿಸುವವನು ಆ ಖಾಲಿ ಎಲೆಗೂ ಉಪ್ಪು ಹಾಕಿ ಮುಂದೆ ಹೋದ. ಅಪ್ಪ ಆ ಉಪ್ಪನ್ನೇ ನೋಡುತ್ತ ಉಂಡ. ಹೆಸರು ಹೇಳಿದ ಆ ಮಾತನ್ನು ಅಪ್ಪ ಸಾಯುವವರೆಗೆ ಒಮ್ಮೆಯೂ ಎತ್ತಲಿಲ್ಲ, ಇವನು ಒಮ್ಮೆಯೂ ಕೇಳಲಿಲ್ಲ. ಕೇಳದ್ದಕ್ಕೆ ಕಾರಣ ಗೌರವವಲ್ಲ. ಕೇಳಿದರೆ ಅಪ್ಪ ‘ಹೌದು’ ಅಂದುಬಿಟ್ಟಾನು ಎಂಬ ಹೆದರಿಕೆ.

ಬಯಲಿನಿಂದ ಅಂಗಡಿಗೆ ಬಂದಾಗ ತಿಪ್ಪವ್ವ ಮೆಟ್ಟಿಲ ಮೇಲೆ ಕುಳಿತು ಕಾಯುತ್ತಿದ್ದಳು. ಗಿರಣಿಯಲ್ಲಿ ನೂಲಿನ ಲಡಿ ಸುತ್ತುವ ಖಾತೆಯಲ್ಲಿದ್ದವಳು, ಈಗ ಎಪ್ಪತ್ತೆಂಟಾದರೂ ಬಾಯಿ ಗಟ್ಟಿ. ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡಲು ಹಳೆಯ ಬಾಬಿನ್ ಬೇಕು ಎಂದು ಅವನೇ ಹೇಳಿ ಕಳಿಸಿದ್ದ. ಆಕೆ ಸೆರಗಿನ ಗಂಟು ಬಿಚ್ಚಿ ಕಟ್ಟಿಗೆಯ ಬಾಬಿನ್‌ಗಳನ್ನು ಮೇಜಿನ ಮೇಲೆ ಸುರಿದಳು.

“ತಗೋರಿ, ಇಪ್ಪತ್ತೆರಡು ಅದಾವ. ನನ್ನ ಸೊಸಿ ಒಲಿಗೆ ಹಾಕಾಕ ಹೊಂಟಿದ್ಲು. ಇಡ ಬೇ, ಇವು ನಿನ್ನ ಗಂಡಗಿಂತ ಹಿರೇವು, ಅವನಗಿಂತ ಹೆಚ್ಚ ದುಡದಾವು ಅಂದೆ.”

“ಚೊಲೊ ಆತ್ರಿ ಅವ್ವಾರ.”

“ಕೆಂಪು ಅದಾವ, ಹಳದಿ ಅದಾವ, ನೀಲಿ ಅದಾವ. ಹಸರ ಒಂದೂ ಸಿಗಲಿಲ್ರಿ.”

“ಇರಲಿ ಬಿಡ್ರಿ. ಯಾವ ಬಣ್ಣಾದ್ರೇನು.”

“ಯಾವ ಬಣ್ಣಾದ್ರೇನು ಅಂತಾನ ನೋಡು, ಫಕ್ರುಸಾಬನ ಮಗ.” ಆಕೆ ನಕ್ಕಳು. “ಹಸರ ನಿಮ್ಮಪ್ಪನ ಸಾಂಚೆದ್ದು. ಬಾಳ ಸಣ್ಣ ನೂಲು. ಒಂಬತ್ತ ಮಂದಿ ಬಿಟ್ರ ಮತ್ತೊಬ್ಬರು ಅದನ್ನ ಮುಟ್ಟಂಗಿರಲಿಲ್ಲ. ಮುಟ್ಟಿದ್ರ ಮುಕಾದಮ ಕೈ ಮುರೀತಿದ್ದ, ನೂಲು ಕಲಬೆರಕಿ ಆಕ್ಕೈತಿ ಅಂತ. ಕೆಂಪಿನವರು ಕೆಂಪ, ಹಳದ್ಯಾರು ಹಳದಿ. ನಿದ್ದಿಗಣ್ಣಾಗೂ ತಪ್ಪತಿರಲಿಲ್ಲ.”

ಅವನು ಒಂದು ಕೆಂಪು ಬಾಬಿನ್ ಕೈಗೆ ತೆಗೆದುಕೊಂಡ. ಬುಡದ ಸುತ್ತ ಬಳಿದ ಬಣ್ಣ ಇನ್ನೂ ಹೋಗಿರಲಿಲ್ಲ.

“ಓಟ ಹಾಕೋ ದಿವಸ?” ಎಂದು ಕೇಳಿದ. ಕೇಳಿದ ಧ್ವನಿ ಅವನಿಗೇ ಬೇರೆ ಯಾರದೋ ಅನಿಸಿತು.

“ಅವತ್ತೂ ಅವರವರದ. ನಾವು ಲಡಿಯವರಿಗೆ ಬಾಬಿನ್ ಇರಲಿಲ್ಲ, ನಮಗ ಗೋಣೆಪ್ಪ ಹಳದೀವು ಕೊಡಸಿದ್ದ. ಉಳದವರು ತಮ್ಮ ತಮ್ಮ ಸಾಂಚೆದು ಉಡಿಯಾಗ ಇಟಗೊಂಡು ಬಂದ್ರು. ಮತ್ತೊಬ್ಬರದು ತಗೋಳಾಕ ಕೈ ಬರತಾವೇನ್ರಿ?”

ತಿಪ್ಪವ್ವ ಹೋದ ಮೇಲೂ ಅವನು ಎಷ್ಟೋ ಹೊತ್ತು ಅಂಗಡಿಯ ದೀಪ ಹಾಕಲಿಲ್ಲ. ಪರದೆ ಕಟ್ಟಿದ್ದರು, ಚೀಲ ಇಟ್ಟಿದ್ದರು, ಹಾಕುವ ಕೈ ಯಾರಿಗೂ ಕಾಣದಂತೆ ಮಾಡಿದ್ದರು. ಆದರೆ ಹಾಕಿದ ವಸ್ತುವೇ ತಾನು ಯಾವ ಸಾಂಚೆಯಿಂದ ಬಂದೆನೆಂದು ಹೇಳುತ್ತಿತ್ತು. ಕೆಂಪಿನ ಸಾಂಚೆಗಳು ಹಲವು, ಅದರವರು ಎಂಬತ್ತು ನೂರು ಜನ, ಹಳದಿ ನೀಲಿಯವರೂ ಹಾಗೆಯೇ. ಎರಡೂ ಚೀಲದಲ್ಲಿ ಆ ಬಣ್ಣಗಳು ಕಲೆತಿದ್ದರೆ ಯಾರದು ಯಾವುದೆಂದು ತಿಳಿಯದು. ಹಸಿರಿನವರು ಮಾತ್ರ ಒಂಬತ್ತು. ಎಣಿಸಿದ ಚೀಲಗಳನ್ನು ಮಾಲಕರ ಕಡೆಯವರು ಯಾರಾದರೂ ನೋಡಿದ್ದರೆ ಹೆಸರು ಹೇಳುವವನೇ ಬೇಕಾಗಿರಲಿಲ್ಲ. ಈ ವಿಚಾರ ಹೊಳೆದ ಕೂಡಲೆ ಅವನಿಗೆ ಸಂತೋಷವಾಯಿತು, ಸಂತೋಷವಾದ ಕೂಡಲೆ ಸಂಶಯವೂ ಬಂತು. ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ, ಮಸಿಯ ಕೈ ತೊಳೆದು ಓಡಿಹೋಗುತ್ತಿದ್ದ ಸಂಜೆ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು ಒಮ್ಮೆ ಹೇಳಿದ್ದರು: ನಿನಗೆ ಬೇಕಾದ ಆಧಾರವೇ ಕೈಗೆ ಸಿಕ್ಕರೆ ಎರಡು ಸಲ ಅನುಮಾನಪಡು. ಇದು ನನಗೆ ಬೇಕಾದದ್ದೇ ಅಲ್ಲವೆ? ಐವತ್ತು ವರ್ಷ ಯಾರಿಗೂ ಹೊಳೆಯದ್ದು, ಅಪ್ಪನ ಹೆಸರು ಫಲಕಕ್ಕೆ ಏರಬೇಕಾದ ವಾರದಲ್ಲಿ ನನಗೇ ಹೊಳೆಯಬೇಕೆ? ಅಲ್ಲದೆ ಇದು ಖರೆಯಾದರೆ ಅಪ್ಪನ ಮೇಲಿನ ತಪ್ಪು ಗಾಳಿಗೆ ಹೋಗುವುದಿಲ್ಲ, ಗೋಣೆಪ್ಪನ ಮೇಲೆ ಹೋಗಿ ಕೂಡುತ್ತದೆ. ಹನ್ನೊಂದು ತಿಂಗಳು ಜೇಲಿನಲ್ಲಿ ಕೊಳೆತ ಎಂಬತ್ತನಾಲ್ಕರ ಮುದುಕನ ಮೇಲೆ. ಎರಡನೆಯ ಫಲಕದಲ್ಲಿ ‘ಅಕ್ಷರ ಬಾರದವರ ಗುಪ್ತ ಮತದಾನ’ ಎಂದು ದೊಡ್ಡಕ್ಷರದಲ್ಲಿ ಅವನನ್ನು ಹೊಗಳಿ ಬರೆದವನೂ ತಾನೇ.

ಮರುದಿನ ಬೆಳಿಗ್ಗೆ ಗೋಣೆಪ್ಪನನ್ನು ಕಾಣಲು, ಫಲಕದ ಕರಡು ಸುತ್ತಿಕೊಂಡು, ಮುಂಡರಗಿಯ ಬಸ್ಸು ಹತ್ತಿದ. ಪಕ್ಕದಲ್ಲಿ ಹಮ್ಮಿಗಿಗೆ ಹೋಗುವ ಒಬ್ಬ ರೈತ ಕುಳಿತು, ಇವನ ತೊಡೆಯ ಮೇಲಿನ ಸುರುಳಿಯನ್ನು ತೋರಿಸಿ ಭೂಮಿಯ ನಕ್ಷೆಯೇನು ಎಂದು ಕೇಳಿದ. ಹೌದು ಅಂದುಬಿಟ್ಟ. ಯಾಕೆ ಸುಳ್ಳು ಹೇಳಿದೆ ಎಂದು ದಾರಿಯುದ್ದ ಯೋಚಿಸಿದ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳು ನಿಧಾನ ತಿರುಗುತ್ತಿದ್ದವು. ಇಷ್ಟು ಸಣ್ಣ ಸುಳ್ಳು ಇಷ್ಟು ಸುಲಭಕ್ಕೆ ಬಾಯಿಗೆ ಬಂದರೆ, ಠಾಣೆಯಲ್ಲಿ ನಿಂತ ಮನುಷ್ಯನ ಬಾಯಿಗೆ ಏನು ಬಂದೀತು?

ಮುಂಡರಗಿ ಬಸ್ ನಿಲ್ದಾಣದ ಎದುರು ಗೋಣೆಪ್ಪನ ಮೊಮ್ಮಗಳು ಪ್ರಿಯಾಂಕಾಳ ಜೆರಾಕ್ಸ್ ಅಂಗಡಿ. ಮುದುಕ ಒಳಗೆ ಕಾಗದದ ರಿಮ್ಮುಗಳ ಮಗ್ಗುಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಮೊಣಕಾಲ ಮೇಲೆ ಸ್ಟೀಲಿನ ಲೋಟ.

“ಅಜ್ಜಾ, ಆ ಗಿರಾಕಿ ಆಧಾರ ಕಾರ್ಡಿನ ಮ್ಯಾಲೆ ಚಾ ಚೆಲ್ಲಿದ್ರ ನಿನ್ನ ಕಾರ್ಡ ಕೊಟ್ಟ ಕಳಸ್ತೇನಿ ನೋಡು” ಎಂದು ಪ್ರಿಯಾಂಕಾ ಯಂತ್ರದ ಸದ್ದಿನ ಮೇಲಿಂದ ಹೇಳಿದಳು.

“ಕೊಡು. ಅವರಿಗೆ ನನ್ನ ಮುದುಕರ ಪಗಾರ ಸಿಗಲಿ, ನನಗ ಅವರ ವಯಸ್ಸು ಸಿಗಲಿ.” ಆಮೇಲೆ ಬಾಗಿಲಲ್ಲಿ ನಿಂತವನನ್ನು ಕಣ್ಣು ಕಿರಿದು ಮಾಡಿ ನೋಡಿದ. “ಫಕ್ರುಸಾಬನ ಮಗ ಅಲ್ಲನು? ನಿಂದ್ರೂದು ಹಂಗ ನಿಂತಾನ. ಬಾ, ಕುಂಡ್ರು.”

ಹಂಗ ಅಂದರೆ ಹೇಗೆ ಎಂದು ಅತಾವುಲ್ಲಾನಿಗೆ ಅನಿಸಿತು. ಅಪ್ಪ ಹೇಗೆ ನಿಲ್ಲುತ್ತಿದ್ದ? ತಪ್ಪು ಮಾಡಿದವನ ಹಾಗೆಯೆ? ಕುಳಿತು ಸುರುಳಿ ಬಿಚ್ಚದೆ ಕೇಳಿದ: “ಕಾಕಾ, ಓಟ ಎಣಿಸಿದ ಮ್ಯಾಲೆ ಬಾಬಿನ್ ಏನ ಮಾಡಿದ್ರಿ?”

“ಗೋದಾಮಿಗೆ ಕೊಟ್ವಿ. ಗಿರಣಿ ಮಾಲು. ಒಂದ ಬಾಬಿನ್ ಕಡಿಮಿ ಬಿದ್ರೂ ಕಳವು ಅಂತ ಬರೀತಿದ್ರು. ಓಟ ಹಾಕಿದವರು ಕಳ್ಳರು ಅನ್ನಿಸ್ಕೋಬಾರದು ಅಂತ ನಾನ ಹೇಳಿ ಕೊಡಿಸಿದ್ದೆ.”

“ಎರಡೂ ಚೀಲ ಬ್ಯಾರೆ ಬ್ಯಾರೇನ ಕೊಟ್ರ್ಯಾ?”

ಗೋಣೆಪ್ಪ ಲೋಟವನ್ನು ನೆಲಕ್ಕಿಟ್ಟ. “ಪ್ರಿಯಾ, ಹೋಗಿ ಚಾ ಹೇಳಿ ಬಾರವಾ.”

“ಈಗ ಕುಡದೀ ಅಲ್ಲ.”

“ಇವರು ಕುಡದಿಲ್ಲ.”

ಆಕೆ ಇಬ್ಬರ ಮುಖವನ್ನೂ ನೋಡಿ, ಯಂತ್ರ ನಿಲ್ಲಿಸಿ ಹೋದಳು.

“ನಿನಗ ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ. ತಿಪ್ಪವ್ವಾರು ಬಾಬಿನ್ ತಂದುಕೊಟ್ರು. ಹಸರ ಸಿಗಲಿಲ್ಲ ಅಂದ್ರು.”

“ಐವತ್ತ ವರ್ಷ ಶಾಣ್ಯಾರಿಗೆ ಯಾರಿಗೂ ಹೊಳೀಲಿಲ್ಲ. ಬೋರ್ಡ ಬರಿಯಾಂವಗ ಹೊಳೀತು.” ಅದು ಹೊಗಳಿಕೆಯೋ ಹಂಗಿಸಿದ್ದೋ ತಿಳಿಯಲಿಲ್ಲ. “ನಮಗ ಠಾಣೆದಾಗ ಗೊತ್ತಾತು. ಸಾಹೇಬ ಗೋದಾಮಿನಿಂದ ತರಿಸಿದ್ದ ಎರಡೂ ಚೀಲ ಮೇಜಿನ ಮ್ಯಾಲೆ ಸುರುವಿದ. ಹಸರ ಅಷ್ಟ ಆರಿಸಿ ಇಟ್ಟ. ಎಂಟ ಇತ್ತಾಗ, ಒಂದ ಅತ್ತಾಗ. ನಿಮ್ಮಾಗ ಒಬ್ಬ ಬ್ಯಾಡ ಅಂದಾನ, ಅಂವ ಮನಿಗೆ ಹೋಗಲಿ, ಯಾರು ಅಂವ ಅಂದ. ಒಂಬತ್ತೂ ಮಂದಿ ನೆಲಾ ನೋಡಿದ್ವಿ. ಬಾಳೊತ್ತು. ಹೊರಗ ಯಾರೋ ಸೈಕಲ್ಲಿಗೆ ಗಾಳಿ ಹೊಡ್ಯಾಕತ್ತಿದ್ರು, ಅದ ಒಂದ ಸಪ್ಪಳ. ಆಮ್ಯಾಲೆ ನಿಮ್ಮಪ್ಪ, ಅದು ನಂದ್ರಿ, ಅಂದ.”

“ಖರೇನ ಅಪ್ಪಂದಿತ್ತೇನ್ರಿ?”

“ನನಗ ಹ್ಯಾಂಗ ಗೊತ್ತಾಗಬೇಕು? ಗೊತ್ತಾಗಬಾರದು ಅಂತನ ಪಡದೆ ಕಟ್ಟಿದ್ದೆ.”

“ಮತ್ತ ಊರ ಮಂದಿ ಹೆಸರು ಹೇಳಿದಾಂವ ನಮ್ಮಪ್ಪ ಅಂದಾಗ, ನೀವು…”

“ಬಾಯಿ ಬಿಡಲಿಲ್ಲ.” ಗೋಣೆಪ್ಪ ತನ್ನ ಅಂಗೈ ನೋಡಿಕೊಂಡ. “ಬಿಟ್ಟಿದ್ರ ಬಣ್ಣದ ಸುದ್ದಿ ಬರತಿತ್ತು. ಎಂಟ ಮನಿ ಹೆಂಗಸರು ನನ್ನ ಬಾಗಲಿಗೆ ಬಂದು, ಇದೇನ ನಿನ್ನ ಗುಟ್ಟಿನ ಓಟು ಅಂತಿದ್ರು. ಉಳದ ಏಳ ಮಂದಿನೂ ಆ ಮಾತು ಆಡಲಿಲ್ಲ. ಯಾಕಂದ್ರ ಫಕ್ರುಸಾಬಂದಲ್ಲಂದ್ರ ನಮ್ಮಾಗ ಒಬ್ಬಂದು ಅಂತ ಆಕ್ಕೈತಿ ನೋಡು. ನಿಮ್ಮಪ್ಪಗೂ ಎಲ್ಲಾ ಗೊತ್ತಿತ್ತು. ಅಂವನೂ ಆಡಲಿಲ್ಲ.”

ಚಾ ಬಂತು. ಪ್ರಿಯಾಂಕಾ ಯಂತ್ರ ಹಚ್ಚಿದಳು. ಅತಾವುಲ್ಲಾ ಏಳುವಾಗ, “ಇದನ್ನ ಬರೀಲೇನ್ರಿ ಕಾಕಾ?” ಎಂದು ಕೇಳಿದ. ಕೇಳಿದ್ದೇ ಹೇಡಿತನ ಎಂದು ಕೇಳುವಾಗಲೇ ಗೊತ್ತಿತ್ತು.

“ನನ್ನ ಕೇಳಿ ಬರದ್ರ ಅದು ನನ್ನ ಬೋರ್ಡ ಆಕ್ಕೈತಿ ತಮ್ಮಾ” ಎಂದ ಗೋಣೆಪ್ಪ.

ಬರುವಾಗ ಬಸ್ಸಿನಲ್ಲಿ ನಿಂತೇ ಬಂದ. ಅಪ್ಪ ಹೆಸರು ಹೇಳಲಿಲ್ಲ. ಇಷ್ಟು ತಿಳಿದರೆ ಸಾಕಿತ್ತಲ್ಲ, ಇಷ್ಟಕ್ಕಾಗಿಯೇ ತಾನು ನಲವತ್ತೊಂಬತ್ತು ವರ್ಷ ಕಿವಿ ನಿಮಿರಿಸಿಕೊಂಡು ಬದುಕಿದ್ದಲ್ಲವೆ? ಆದರೆ ಸಂಶಯಕ್ಕೆ ಒಂದು ಮನೆ ಬಿಡಿಸಿದರೆ ಅದು ಓಣಿಯಲ್ಲೇ ಇನ್ನೊಂದು ಮನೆ ಹಿಡಿಯುತ್ತದೆ. ಆ ಬಾಬಿನ್ ಅಪ್ಪನದೇ ಆಗಿದ್ದರೆ ಅವನು ಜೊತೆಯವರ ವಿರುದ್ಧ ಮತ ಹಾಕಿದವನು, ಹಾಕಿ ಖರೆ ಹೇಳಿದವನು. ಅವನದಲ್ಲದಿದ್ದರೆ ಜೊತೆಯವರ ಪರ ಹಾಕಿ, ಸುಳ್ಳು ಹೇಳಿ ಪಾರಾದವನು. ಆಗ ನಿಜವಾಗಿ ಬೇಡ ಅಂದವನು ಸಂಪಿನ ವೀರನಾಗಿ ಹನ್ನೊಂದು ತಿಂಗಳು ಜೇಲಿನಲ್ಲಿದ್ದಾನೆ. ಎರಡರಲ್ಲಿ ಯಾವ ಅಪ್ಪ ತನಗೆ ಬೇಕು ಎಂದು ಕೇಳಿಕೊಂಡ. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ್ದು ಗೊತ್ತಾಗದೆ, ಮೂರನೆಯ ಸಲ ಬೈಸಿಕೊಂಡ.

ತಾಯಿ ದಾವಲಬಿ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಪೂರ್ತಿ ಕೇಳಿದಳು. ಕಣ್ಣೀರು ಹಾಕಿಯಾಳು ಎಂದುಕೊಂಡಿದ್ದ. ಹಾಕಲಿಲ್ಲ.

“ಬ್ಯಾಡ ಅಂದಿರಲಿಕ್ಕೂ ಸಾಕು” ಅಂದಳು. “ನೀ ಹೊಟ್ಟ್ಯಾಗಿದ್ದಿ, ಏಳ ತಿಂಗಳು. ಸಂಪ ಬ್ಯಾಡ್ರಿ, ಕೂಸು ಹುಟ್ಟೂತನಕ ಸುಮ್ಮ ಇರ್ರಿ ಅಂತ ನಾನ ಕೈ ಹಿಡದಿದ್ದೆ.”

“ಹಂಗಾರ ಅಪ್ಪಂದ ಇರಬೇಕು.”

“ಯಾರಿಗೆ ಗೊತ್ತು. ನನ್ನ ಮಾತು ಅವರು ಯಾವತ್ತ ಕೇಳ್ಯಾರ? ಒಂದ ಸಲ ಬದನಿಕಾಯಿ ತರಬ್ಯಾಡ್ರಿ ಅಂದಿದ್ದೆ, ಎರಡ ಚೀಲ ತಂದಿದ್ರು.” ಸಿಪ್ಪೆಗಳನ್ನು ಒಟ್ಟು ಮಾಡಿದಳು. “ಏನಾರ ಬರಿ ಅತಾವು. ಹೆಸರ ಹಾಕು. ಒಂಬತ್ತ ಮಂದಿ ಹೋಗಿದ್ರು, ಒಂಬತ್ತ ಹೆಸರ ಹಾಕು.”

ಅವನು ಹದಿನಾಲ್ಕನೆಯ ಫಲಕದ ವಾಕ್ಯಗಳನ್ನು ನಾಲ್ಕು ದಿನ ಬರೆದು ನಾಲ್ಕು ದಿನ ಅಳಿಸಿದ. ಒಂದು ಸಲ ಬರೆದದ್ದು ಗೋಣೆಪ್ಪನ ಮೇಲಿನ ದೂರಿನಂತೆ ಕಾಣುತ್ತಿತ್ತು, ಇನ್ನೊಂದು ಸಲ ಬರೆದದ್ದು ಅಪ್ಪನಿಗೆ ಕೊಟ್ಟ ಪ್ರಶಸ್ತಿಪತ್ರದಂತೆ. ಕೊನೆಗೆ ಉಳಿದದ್ದು ಇಷ್ಟು: ‘ಸಾಂಚೆಯ ಬಗೆಗೆ ತಕ್ಕಂತೆ ಬಾಬಿನ್‌ಗೆ ಬೇರೆ ಬೇರೆ ಬಣ್ಣವಿತ್ತು. ಮತ ಹಾಕಿದವರು ರೂಢಿಯಂತೆ ತಮ್ಮ ಸಾಂಚೆಯದನ್ನೇ ಹಾಕಿದರು. ಎಣಿಕೆಯ ನಂತರ ಎರಡೂ ಚೀಲಗಳು ಗೋದಾಮಿಗೆ ಹೋದವು. ಹಸಿರು ಬಾಬಿನ್ ಒಂಬತ್ತು. ಎಂಟು ಹೌದು, ಒಂದು ಬೇಡ. ಬೇಡ ಎಂದದ್ದು ತನ್ನದು ಎಂದು ಫಕ್ರುಸಾಬ ಠಾಣೆಯಲ್ಲಿ ಹೇಳಿದರು. ಅವರನ್ನು ಬಿಟ್ಟರು. ಅದು ನಿಜವಾಗಿ ಯಾರದೆಂದು ಗೊತ್ತಿಲ್ಲ. ಯಾರೂ ಯಾರ ಹೆಸರನ್ನೂ ಹೇಳಿರಲಿಲ್ಲ.’ ಕೆಳಗೆ ಒಂಬತ್ತು ಹೆಸರುಗಳು, ಒಂದೇ ಅಳತೆಯ ಅಕ್ಷರದಲ್ಲಿ. ಫಕ್ರುಸಾಬನ ಹೆಸರು ಎಲ್ಲಿ ಬರಬೇಕು ಎಂಬುದಕ್ಕೆ ಇನ್ನೊಂದು ದಿನ ಹೋಯಿತು. ಮೊದಲಿಗಾದರೆ ಸೊಕ್ಕು, ಕೊನೆಗಾದರೆ ತಪ್ಪೊಪ್ಪಿಗೆ. ಗಿರಣಿಯ ಹಾಜರಿ ಪಟ್ಟಿಯ ಹಳೆಯ ಪ್ರತಿಯೊಂದು ಸಮಿತಿಯ ಹತ್ತಿರ ಇತ್ತು, ಅದರ ಕ್ರಮವನ್ನೇ ಹಿಡಿದ. ಅಪ್ಪ ಆರನೆಯವನಾಗಿ ಬಂದ.

ವಿರೂಪಾಕ್ಷಪ್ಪ ಪ್ರೂಫ್ ನೋಡಲು ಬಂದದ್ದು ಅಂಗಡಿಯಲ್ಲಿ ಗಿರಾಕಿಗಳಿದ್ದ ಹೊತ್ತಿಗೆ. ನಿಂತೇ ಓದಿದರು. ಆಮೇಲೆ ಕುಳಿತು ಮತ್ತೊಮ್ಮೆ ಓದಿದರು.

“ಇದನ್ನ ಯಾರು ಹೇಳಿದ್ರು?”

“ಗೋಣೆಪ್ಪ ಕಾಕಾರು, ಸರ್.”

“ಅಂವ ನಮಗ ಯಾರಿಗೂ ಹೇಳಿಲ್ಲ. ನಿಮಗ ಹೇಳಿದ.” ಅವರು ಕನ್ನಡಕ ತೆಗೆದರು. “ಅಂದ್ರ ಆ ಓಟು ನಮ್ಮಣ್ಣಂದೂ ಇರಬಹುದು ಅಂತ ನೀವು ಬರದಂಗಾತು.”

“ಒಂಬತ್ತರಾ‌ಗ ಯಾರದೂ ಇರಬಹುದ್ರಿ ಸರ್. ನಮ್ಮಪ್ಪಂದೂ.”

“ನಮ್ಮಣ್ಣ ರಕ್ತಾ ಕಾರಿ ಸತ್ತಾನ್ರಿ ಅತಾವುಲ್ಲಾ. ಅಂವ ಬ್ಯಾಡ ಅಂದಿದ್ನೇನು ಅಂತ ಇನ್ನ ಮ್ಯಾಲೆ ನಾನು ವಿಚಾರ ಮಾಡಬೇಕ?”

ನಾನು ಇಷ್ಟು ವರ್ಷ ಮಾಡಿದ್ದೇನಲ್ಲ ಎಂಬ ಮಾತು ಅತಾವುಲ್ಲಾನ ನಾಲಿಗೆಯವರೆಗೆ ಬಂತು. ಅದನ್ನು ಆಡಲಿಲ್ಲ ಎಂಬುದರಲ್ಲಿ ಒಳ್ಳೆಯತನ ಎಷ್ಟು, ಮುಂದಿನ ಕೆಲಸಗಳು ತಪ್ಪಿಹೋದಾವೆಂಬ ಭಯ ಎಷ್ಟು ಎಂದು ಇವತ್ತಿಗೂ ಅವನಿಗೆ ಬಿಡಿಸಿ ನೋಡಲಾಗಿಲ್ಲ. “ನೀವು ಬ್ಯಾಡ ಅಂದ್ರ ತಗೀತೇನ್ರಿ ಸರ್” ಅಂದ. ಆ ಮಾತು ಆಡಿದ್ದು ಖಂಡಿತ. ಅಪ್ಪನ ಹೆಸರನ್ನು ಅಷ್ಟು ಬೇಗ ಬಿಟ್ಟುಕೊಟ್ಟ ನಾಚಿಕೆಗೆ ಕಂಪ್ಯೂಟರ್ ಪರದೆಯ ಕಡೆ ಮುಖ ತಿರುಗಿಸಿದ. ಲಗ್ನಪತ್ರಿಕೆ ಮಾಡಿಸಲು ಬಂದಿದ್ದ ಗಂಡಹೆಂಡತಿ ಗೋಡೆಗೆ ಹಚ್ಚಿದ ಗಣಪತಿಯ ಮಾದರಿಗಳನ್ನು ಅಗತ್ಯಕ್ಕಿಂತ ಹೆಚ್ಚು ಗಮನದಿಂದ ನೋಡುತ್ತಿದ್ದರು. ವಿರೂಪಾಕ್ಷಪ್ಪ ಜೇಬಿನಿಂದ ಕೆಂಪು ಪೆನ್ನು ತೆಗೆದರು. ಪೂರ್ತಿ ಹೊಡೆದುಹಾಕುತ್ತಾರೆ ಎಂದುಕೊಂಡ. ಅವರು ತಮ್ಮ ಅಣ್ಣನ ಹೆಸರಿನ ಮುಂದೆ ಬಿಟ್ಟುಹೋಗಿದ್ದ ಇನಿಷಿಯಲ್ಲನ್ನು ಸೇರಿಸಿ, ಕಾಗದವನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ ಹೋದರು. ಅದು ಒಪ್ಪಿಗೆಯೆ? ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಬೇಡ ಅಂದಾರು ಎಂದು, ಕೇಳದೆ ಆ ಸಂಜೆಯೇ ಮುದ್ರಿಸಿಬಿಟ್ಟ.

ಪ್ರದರ್ಶನ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ತೆರೆಯಿತು. ಗಾಳಿ ಅವನು ಎಣಿಸಿದ್ದಕ್ಕಿಂತ ಜೋರಾಗಿತ್ತು. ಫಲಕಗಳಲ್ಲಿ ಗಾಳಿ ದಾಟಲೆಂದು ಕೊಯ್ದಿದ್ದ ಅರ್ಧಚಂದ್ರದ ತೂತುಗಳು ಒಂದೇ ಸಮನೆ ಪಟಪಟ ಅನ್ನುತ್ತಿದ್ದವು. ವಿರೂಪಾಕ್ಷಪ್ಪ ಸ್ವಾಗತದ ಭಾಷಣ ಮಾಡಿದರು, ಸಮಿತಿಯವರನ್ನೂ ಮೈಕಿನವನನ್ನೂ ವಂದಿಸಿದರು, ಫಲಕ ಮಾಡಿದವನ ಹೆಸರು ಬರಲಿಲ್ಲ. ಮರೆತದ್ದಿರಬಹುದು. ಆಮೇಲೆ ಅವರು ಮೂರನೆಯ ಫಲಕದ ಹತ್ತಿರವೇ ನಿಂತರು, ಹದಿನಾಲ್ಕರ ಕಡೆ ಬರಲಿಲ್ಲ. ಗೋಣೆಪ್ಪ ಪ್ರಿಯಾಂಕಾಳ ಜೊತೆ ಮೊದಲ ಬಸ್ಸಿಗೇ ಬಂದಿದ್ದ. ಯಾರ ಮಾತೂ ಕೇಳದೆ ಪ್ಲಾಸ್ಟಿಕ್ ಕುರ್ಚಿ ಎತ್ತಿಸಿಕೊಂಡು ಬಂದು ಹದಿನಾಲ್ಕನೆಯದರ ಎದುರಿಗೇ ಹಾಕಿಸಿ ಕುಳಿತ. ಬಂದವರು ಅವನನ್ನು ಬಳಸಿ ನಿಂತು ಓದಬೇಕಾಯಿತು. ಮುದುಕ ಕಾವಲಿಗೆ ಕುಳಿತನೋ, ಶಿಕ್ಷೆಗೆ ಕುಳಿತನೋ ಅತಾವುಲ್ಲಾನಿಗೆ ತಿಳಿಯಲಿಲ್ಲ.

ಹನ್ನೊಂದು ಗಂಟೆಯ ಸುಮಾರಿಗೆ ಆ ಫಲಕದ ಕೆಳಗಿನ ಮೂಲೆಯ ಹಗ್ಗ ಸಡಿಲಾಯಿತು. ಅತಾವುಲ್ಲಾ ಹಿಂದಿನಿಂದ ಹೋಗಿ, ಮೊಣಕಾಲೂರಿ ಕಟ್ಟತೊಡಗಿದ. ಅಲ್ಲಿಂದ ಅವನಿಗೆ ಕಂಡದ್ದು ಚೌಕಟ್ಟಿನ ಕೆಳಗಿನ ಕಾಲುಗಳು ಮಾತ್ರ: ಕುರ್ಚಿಯ ನಾಲ್ಕು ಬಿಳಿ ಕಾಲು, ಗೋಣೆಪ್ಪನ ಒರಟು ಕಾಲ್ಬೆರಳು, ಕಾಲೇಜಿನ ಹುಡುಗಿಯೊಬ್ಬಳ ನೀಲಿ ಬೂಟು. ಹುಡುಗಿ ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು. ತಾನು ಬರೆದದ್ದು ಬೇರೆಯವರ ಬಾಯಲ್ಲಿ ಇಷ್ಟು ಚಿಕ್ಕದಾಗಿ ಕೇಳಿಸುತ್ತದೆ ಎಂದು ಅವನು ಅಂದುಕೊಂಡಿರಲಿಲ್ಲ.

“ಹಂಗಾರ ಆ ಒಂದ ಓಟು ಯಾರದಿತ್ರಿ ಅಜ್ಜಾರ?” ಎಂದು ಹುಡುಗಿ ಕೇಳಿದಳು.

ಗಾಳಿಗೆ ಫಲಕ ಉಬ್ಬಿ ಅವನ ಹಣೆಗೆ ತಾಗಿತು. ಹಗ್ಗದ ಗಂಟು ಕೈಯಲ್ಲೇ ಉಳಿಯಿತು.

“ಫಕ್ರುಸಾಬಂದಲ್ಲ” ಎಂದ ಗೋಣೆಪ್ಪ.

“ಮತ್ತ ಯಾರದು?”

“ಅಂವಂದಲ್ಲ. ಅಷ್ಟ ತಿಳಕೋ. ಹೋಗು, ಮುಂದಿಂದು ಓದು, ಅದರಾಗ ಫೋಟೋ ಬಾಳ ಅದಾವ.”

ನೀಲಿ ಬೂಟುಗಳು ಹದಿನೈದರ ಕಡೆಗೆ ಹೋದವು. ಕಾಲ್ಬೆರಳುಗಳು ಅಲುಗಲಿಲ್ಲ. ಅತಾವುಲ್ಲಾ ಗಂಟು ಬಿಗಿದು, ಬಿಗಿದದ್ದನ್ನು ಬಿಚ್ಚಿ, ಮತ್ತೆ ಬಿಗಿದ. ಎದ್ದು ಎದುರಿಗೆ ಹೋಗಿ ಕೇಳಬೇಕಿತ್ತು. ಎರಡು ಹೆಜ್ಜೆಯ ದಾರಿ. ಹೋಗದೆ ಹಿಂದುಹಿಂದಿನಿಂದಲೇ ಹದಿಮೂರನೆಯದಕ್ಕೆ ಸರಿದು, ಅಲ್ಲಿ ಸಡಿಲವಾಗದ ಹಗ್ಗವನ್ನು ಹಿಡಿದು ನೋಡುತ್ತ ನಿಂತ. ಊಟದ ಹೊತ್ತಿಗೆ ಪ್ರಿಯಾಂಕಾ ಅಜ್ಜನನ್ನು ಕರೆದುಕೊಂಡು ಹೋದಳು. ಹೋಗುವಾಗ ಮುದುಕ ಇವನ ಕಡೆ ಕೈ ಎತ್ತಿದ. ಇವನೂ ಎತ್ತಿದ.

ಪರದೆಯ ಹಿಂದೆ ಹಾಕಿದ ಮತ ಇನ್ನೊಬ್ಬನದಲ್ಲ ಎಂದು ಖಚಿತವಾಗಿ ಗೊತ್ತಿರುವುದು ಅದನ್ನು ಹಾಕಿದವನಿಗೆ ಮಾತ್ರ. ಹಾಗಾದರೆ ಅದು ಗೋಣೆಪ್ಪನದೇ ಎಂದು ನಾನು ತಿಳಿಯಬಹುದು. ಅಥವಾ ನಾನು ಚೌಕಟ್ಟಿನ ಕೆಳಗಿನಿಂದ ಅವರ ಕಾಲ್ಬೆರಳು ಕಂಡಂತೆ ಅವರಿಗೂ ನನ್ನ ಊರಿದ ಮೊಣಕಾಲು ಕಂಡಿರಬಹುದು, ಇಷ್ಟು ವರ್ಷ ಕೊಡದ್ದನ್ನು ಮಗನ ಕಿವಿಗೆ ಬೀಳುವಂತೆ ಕೊಟ್ಟಿರಬಹುದು. ಅವರು ಅಂದದ್ದು ಖರೆಯಾದರೆ ನಮ್ಮಪ್ಪ ಸುಳ್ಳು ಹೇಳಿ ಮನೆಗೆ ಬಂದವನು, ಸುಳ್ಳಾದರೆ ಖರೆ ಹೇಳಿ ಬಂದವನು. ಫಲಕಗಳನ್ನು ಬಿಚ್ಚಿ ಸುತ್ತಿ ಇಟ್ಟು ಈಗ ಮೂರು ತಿಂಗಳಾಯಿತು. ಮುಂಡರಗಿಗೆ ತಾಸಿಗೊಂದು ಬಸ್ಸಿದೆ. ನಾನು ಹೋಗಿ ಕೇಳಿಲ್ಲ. ಕೇಳುತ್ತೇನೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ.